ಗುಡುಗಪ್ಪನವರ ಗಾಡಿ ಸುಮ್ಮನಾದದ್ದು

ನೀರಿನ ಮೀಟರ್ ಕಚೇರಿಯ ಹೆಡ್ ಗುಮಾಸ್ತರಿಗೆ ಜೋರಾಗಿ ಮಾತಾಡಿ ಅಭ್ಯಾಸವಿರಲಿಲ್ಲ. ಬಸ್ಸಿನಲ್ಲಿ ಯಾರಾದರೂ ಇವರ ಕಾಲು ತುಳಿದರೆ, ಕಾಲು ಅಡ್ಡ ಇಟ್ಟದ್ದಕ್ಕೆ ಇವರೇ ಕ್ಷಮೆ ಕೇಳುವ ಪೈಕಿ. ಹಾಗಾದರೆ ಇವರ ಗಂಟಲಿಗೆ ಸಲ್ಲಬೇಕಾಗಿದ್ದ ಸದ್ದೆಲ್ಲ ಎಲ್ಲಿ ಹೋಯಿತು ಎಂದು ಯಾರೂ ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ. ಅದು ಇವರ ಮೋಟಾರ್ ಸೈಕಲ್ಲಿನಲ್ಲಿತ್ತು.

ಗಾಡಿ ಇವರಿಗೆ ಸಿಗುವ ಹೊತ್ತಿಗೇ ಇಬ್ಬರ ಕೈ ದಾಟಿತ್ತು. ಅದರ ಬಣ್ಣ ಕಪ್ಪು ಎಂದು ದಾಖಲೆ ಹೇಳುತ್ತಿತ್ತು, ಕಂದು ಎಂದು ಹೆಂಡತಿ ಹೇಳುತ್ತಿದ್ದಳು, ಎರಡೂ ಸುಳ್ಳಾಗಿರಲಿಲ್ಲ. ಸದ್ದಿನ ವಿಷಯದಲ್ಲಿ ಮಾತ್ರ ಎರಡು ಮಾತಿರಲಿಲ್ಲ. ಗಾಡಿ ಬೀದಿಯ ತಿರುವಿನಲ್ಲಿ ಕಾಣಿಸಿಕೊಳ್ಳುವ ಮೊದಲೇ ‘ದಬ ದಬ ದಬ’ ಎಂದು ಕಿಟಕಿಯ ಗಾಜುಗಳಿಗೆ ಸುದ್ದಿ ಮುಟ್ಟುತ್ತಿತ್ತು. ನಡುನಡುವೆ ಯಾರೋ ಸಿಟ್ಟಿನಿಂದ ತಟ್ಟೆ ಎಸೆದಂತೆ ಒಂದು ‘ಟಣಾರ್’. ಈ ಸದ್ದಿನಿಂದಾಗಿ ಬೀದಿಯವರು ಅವರಿಗೆ ಗುಡುಗಪ್ಪ ಎಂದು ಹೆಸರಿಟ್ಟಿದ್ದರು. ಹೆಸರು ಎಲ್ಲರ ಬಾಯಲ್ಲಿದ್ದರೂ ಅದನ್ನು ಹೊತ್ತವರ ಕಿವಿಗೆ ಮಾತ್ರ ಬಿದ್ದಿರಲಿಲ್ಲ. ಅವರಿಗಿಂತ ಮೊದಲು ಅವರ ಗಾಡಿ ಬರುತ್ತಿತ್ತು, ಗಾಡಿ ಬಂತೆಂದರೆ ಎಲ್ಲರೂ ಬೇರೆ ಮಾತೆತ್ತುತ್ತಿದ್ದರು.

ಒಂದು ಶನಿವಾರ ಸಂಜೆ ಪಕ್ಕದ ಮನೆಯ ಮೇಷ್ಟ್ರು ಕಾಂಪೌಂಡ್ ಗೋಡೆಯ ಮೇಲೆ ಮೊಣಕೈ ಊರಿ ಇವರನ್ನು ತಡೆದರು. ಮೇಷ್ಟ್ರು ನಿವೃತ್ತರಾಗಿ ಬಹಳ ದಿನವಾಗಿದ್ದರೂ ತಪ್ಪು ತಿದ್ದುವ ಚಟ ಬಿಟ್ಟಿರಲಿಲ್ಲ.

“ನಿಮ್ಮ ಗಾಡಿ ಆ ತಿರುವು ದಾಟಿದ್ರೆ ಸಾಕು, ನಮ್ಮನೆ ಗಡಿಯಾರ ಗೋಡೆ ಮೇಲೆ ಓರೆಯಾಗುತ್ತೆ. ಯಾವ ಮೆಕ್ಯಾನಿಕ್ ಹತ್ರ ಬಿಡ್ತೀರಿ ಇದನ್ನ? ಅವನನ್ನ ನಾನೊಂದು ಸಲ ನೋಡಬೇಕು.”

ನಿಜ ಹೇಳಿದ್ದರೆ ಅಲ್ಲಿಗೇ ಮುಗಿದುಹೋಗುತ್ತಿತ್ತು. ತಿರುವಿನಲ್ಲಿದ್ದ ಮೆಕ್ಯಾನಿಕ್ ಈ ಗಾಡಿಯನ್ನು ಕಂಡರೆ ಅಂಗಡಿಯ ಬಾಗಿಲು ಎಳೆದುಕೊಂಡು ಒಳಗಿನಿಂದ ಕೆಮ್ಮುತ್ತಿದ್ದ. ಆದರೆ ಎದುರು ಮನೆಯ ಟೈಲರಮ್ಮ, ಬಟ್ಟೆ ಹೊಲಿಸಲು ಬಂದಿದ್ದ ಇಬ್ಬರು ಹೆಂಗಸರು ಮತ್ತು ಸ್ವಂತ ಹೆಂಡತಿ, ಇಷ್ಟು ಜನ ಗೇಟಿನ ಬಳಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಅಷ್ಟು ಹೆಂಗಸರೆದುರು ನಿಜ ಹೇಳುವ ಧೈರ್ಯ ಗುಮಾಸ್ತರಿಗೆ ಬರಲಿಲ್ಲ.

“ಮೆಕ್ಯಾನಿಕ್ಕಾ? ಈ ಗಾಡಿಗೆ ನಾನು ಇನ್ನೊಬ್ಬರ ಕೈ ತಾಗಿಸಿದವನೇ ಅಲ್ಲ. ರಿಪೇರಿ ಏನಿದ್ರೂ ನಾನೇ.”

ಮೊದಲ ವಾಕ್ಯ ನೂರಕ್ಕೆ ನೂರು ನಿಜ. ಆ ಗಾಡಿಗೆ ರಿಪೇರಿಗೆಂದು ಇನ್ನೊಬ್ಬರ ಕೈಯೂ ತಾಗಿರಲಿಲ್ಲ, ಇವರ ಕೈಯೂ ತಾಗಿರಲಿಲ್ಲ. ಮೇಷ್ಟ್ರು ಕನ್ನಡಕ ಸರಿ ಮಾಡಿಕೊಂಡು, ಹಾಗಿದ್ದರೆ ನಾಳೆ ಭಾನುವಾರ, ನಾನೂ ಮನೆಯಲ್ಲೇ ಇರುತ್ತೇನೆ ಎಂದರು. ಹೆಂಡತಿ ಗಂಡನನ್ನೇ ನೋಡಿದಳು. ಸಂಸಾರ ಹೂಡಿದಾಗಿನಿಂದ ಅವಳು ಅವರನ್ನು ಅಷ್ಟು ಕುತೂಹಲದಿಂದ ನೋಡಿರಲಿಲ್ಲ.

ಭಾನುವಾರ ಬೆಳಗ್ಗೆ ಗುಮಾಸ್ತರು ಅಂಗಳದಲ್ಲಿ ಹಾಸಿಗೆಯ ಹೊದಿಕೆ ಹಾಸಿದರು. ಹೆಂಡತಿ ಬಂದು ಅದನ್ನು ಎಳೆದುಕೊಂಡು ಹೋಗಿ ಹಳೆಯದೊಂದನ್ನು ಎಸೆದು ಹೋದಳು. ಹಳೆ ಪುಸ್ತಕದ ಅಂಗಡಿಯಲ್ಲಿ ಹಿಂದೆಂದೋ ಕೊಂಡಿದ್ದ ‘ನಿಮ್ಮ ಮೋಟಾರ್ ಸೈಕಲ್ಲನ್ನು ನೀವೇ ದುರಸ್ತಿ ಮಾಡಿ’ ಎಂಬ ಪುಸ್ತಕ ಹೊರಬಂತು. ಅದನ್ನು ಓದಿ ಹೇಳಲು ಭಾವಮೈದನನ್ನು ಕೂರಿಸಿದರು. ಈತ ನೌಕರಿಯ ಪರೀಕ್ಷೆಗೆ ಓದಲೆಂದು ಅಕ್ಕನ ಮನೆಗೆ ಬಂದವನು, ಬಂದಾಗಿನಿಂದ ಓದುತ್ತಲೇ ಇದ್ದ, ಪರೀಕ್ಷೆಗಳು ಅವನನ್ನು ದಾಟಿಕೊಂಡು ಹೋಗುತ್ತಲೇ ಇದ್ದವು.

ಆರಂಭ ಚೆನ್ನಾಗಿಯೇ ಆಯಿತು. ಸೀಟು ಬಂತು, ಟ್ಯಾಂಕು ಬಂತು, ಬರಬಾರದೆಂದು ಪುಸ್ತಕದಲ್ಲಿ ಹೇಳಿದ್ದ ಇನ್ನೇನೋ ಒಂದು ಕೂಡ ಬಂತು. ಚೈನನ್ನು ಸ್ನಾನದ ಬಕೆಟ್ಟಿನಲ್ಲಿ ಸೀಮೆಎಣ್ಣೆ ಸುರಿದು ನೆನೆಹಾಕಿದರು. ಪ್ಲಗ್ಗನ್ನು ಭಾವಮೈದನ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದರು, ಅವನು ಪುಸ್ತಕದಿಂದ ತಲೆ ಎತ್ತಿದಾಗ ತಡವಾಗಿತ್ತು. ಕಾರ್ಬುರೇಟರಿನ ಸಣ್ಣ ತೂತಿಗೆ ಬಾಯಿಟ್ಟು ಊದಿ ಗುಮಾಸ್ತರು ತುಟಿಯ ಮೇಲೆ ದಪ್ಪ ಕಪ್ಪು ಮೀಸೆ ಪಡೆದರು. ಅದು ಅವರಿಗೆ ಒಪ್ಪುತ್ತಿತ್ತು.

“‘ಈಗ ಎರಡೂ ಸಿಲಿಂಡರಿನ ಮುಚ್ಚಳ ತೆಗೆಯಿರಿ’ ಅಂತಿದೆ, ಭಾವ,” ಎಂದ ಭಾವಮೈದ.

ಒಂದರ ಮುಚ್ಚಳ ತೆಗೆದರು. ಇನ್ನೊಂದು ಸಿಲಿಂಡರು ಸಿಗಲಿಲ್ಲ. ಬ್ಯಾಟರಿಯ ಹಿಂದೆ ನೋಡಿದರು, ಸೀಟಿನ ಕೆಳಗೆ ಕೈ ಹಾಕಿದರು, ಗಾಡಿಯನ್ನು ಒಂದು ಸುತ್ತು ಬಂದು ಎದುರು ದಿಕ್ಕಿನಿಂದ ಇನ್ನೊಂದು ಸುತ್ತು ಬಂದರು. ಪುಸ್ತಕ ಬೇರೆ ಗಾಡಿಯದ್ದಿರಬಹುದು ಎಂಬ ಯೋಚನೆ ಯಾರಿಗಾದರೂ ಬರಬಹುದಾದದ್ದು. ಗುಮಾಸ್ತರಿಗೆ ಬಂದದ್ದು ಬೇರೆ ಯೋಚನೆ. ಮಾರಿದವನು ಒಂದು ಸಿಲಿಂಡರನ್ನು ಬಿಚ್ಚಿಟ್ಟುಕೊಂಡು ಮಾರಿದ್ದಾನೆ. ಅವರು ಕೈ ಒರೆಸಿಕೊಳ್ಳುತ್ತ ಅಡುಗೆಮನೆಯ ಬಾಗಿಲಿಗೆ ಹೋಗಿ ಹೆಂಡತಿಗೆ ಸುದ್ದಿ ಮುಟ್ಟಿಸಿದರು. ಇಷ್ಟು ವರ್ಷ ನಾವು ಅರ್ಧ ಗಾಡಿಯಲ್ಲಿ ಓಡಾಡಿದೆವು ಎಂದರು. ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದು ಗೋಡೆಯ ಕಡೆ ತಿರುಗಿದಳು, ಅವಳ ಭುಜ ಅಲುಗಿತು. ಅವಳಿಗೂ ಇಷ್ಟು ಸಂಕಟವಾದದ್ದು ಕಂಡು ಗುಮಾಸ್ತರಿಗೆ ಸ್ವಲ್ಪ ಸಮಾಧಾನವಾಯಿತು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಸೈಲೆನ್ಸರಿನ ಸರದಿ ಬಂತು. ಹೊಗೆ ಹೋಗುವ ಆ ಉದ್ದ ಕೊಳವೆಯೊಳಗೆ ಇನ್ನೊಂದು ಸಣ್ಣ ಕೊಳವೆ ಇರುತ್ತದೆ, ಸದ್ದನ್ನು ನುಂಗುವುದು ಅದೇ. ಇವರ ಗಾಡಿಯಲ್ಲಿ ಆ ಒಳಗೊಳವೆ ಮೇಜಿನ ಡ್ರಾಯರಿನಂತೆ ಹೋಗಿ ಬಂದು ಮಾಡುತ್ತಿತ್ತು. ಅದನ್ನು ಹಿಡಿದಿಡಬೇಕಾದ ಬೋಲ್ಟಿನ ತೂತು, ಗಾಡಿಯ ಬಾಲದ ತುದಿಯಲ್ಲಿ, ಖಾಲಿಯಾಗಿತ್ತು. ಗಾಡಿ ಬಿಚ್ಚಿದವರಿಗೆಲ್ಲ ಕೊನೆಗೆ ಒಂದೆರಡು ಸಾಮಾನು ಮಿಗುತ್ತದೆ. ನಮ್ಮ ಗುಮಾಸ್ತರಿಗೆ ಒಂದು ಕಡಿಮೆ ಬಿತ್ತು.

ಭಾನುವಾರ, ಅಂಗಡಿಗಳು ಮುಚ್ಚಿದ್ದವು. ಮೇಷ್ಟ್ರು ಆಗಲೇ ಗೋಡೆಯ ಹತ್ತಿರ ಬಂದು ಎರಡು ಸಲ ಗಂಟಲು ಸರಿ ಮಾಡಿಕೊಂಡು ಹೋಗಿದ್ದರು. ಗುಮಾಸ್ತರು ಸುತ್ತಮುತ್ತ ಕಣ್ಣು ಹಾಯಿಸಿದರು. ಮನೆಯ ಗೇಟಿನ ಚಿಲಕ ಒಂದು ಬೋಲ್ಟಿನ ಮೇಲೆ ನಿಂತಿತ್ತು. ಬೋಲ್ಟನ್ನು ಬಿಚ್ಚಿ ತಂದು ತಿರುಗಿಸಿದರೆ, ಇದಕ್ಕಾಗಿಯೇ ಹುಟ್ಟಿದಂತೆ ತೂತಿನಲ್ಲಿ ಕೂತುಬಿಟ್ಟಿತು. ನಾಳೆಯೇ ಇನ್ನೊಂದು ತಂದು ಗೇಟಿಗೆ ಹಾಕಿದರಾಯಿತು ಎಂದುಕೊಂಡರು, ಮತ್ತು ಆ ಕ್ಷಣವೇ ಮರೆತರು.

ಎಲ್ಲ ಜೋಡಿಸಿ ಕಿಕ್ ಹೊಡೆದರು. ಸದ್ದಿಲ್ಲ. ಇನ್ನೊಂದು ಹೊಡೆದರು. ಕನ್ನಡಕ ಒರೆಸಿಕೊಂಡು, ಗಾಡಿಗೆ ಮೆಲ್ಲಗೆ ಏನೋ ಬುದ್ಧಿ ಹೇಳಿ ಮತ್ತೊಂದು ಹೊಡೆದರು. ಭಾವಮೈದ ನೆಲಕ್ಕೆ ಕಿವಿ ಹಚ್ಚಿದವನಂತೆ ಬಗ್ಗಿ, ಭಾವ, ಅದು ಆಗಲೇ ಶುರುವಾಗಿದೆ ಎಂದ. ನಂಬಿಕೆ ಬಾರದೆ ಗುಮಾಸ್ತರು ಸೈಲೆನ್ಸರನ್ನು ಮುಟ್ಟಿ ನೋಡಿದರು. ಶುರುವಾಗಿತ್ತು. ಬೆರಳುಗಳನ್ನು ಬಾಯಿಗಿಟ್ಟುಕೊಂಡೇ ಅವರು ಮೇಷ್ಟ್ರ ಅಭಿನಂದನೆಯನ್ನು ಸ್ವೀಕರಿಸಬೇಕಾಯಿತು. ಹೆಂಡತಿ ಬೆರಳಿಗೆ ಮುಲಾಮು ಹಚ್ಚುತ್ತ, ಪರವಾಗಿಲ್ಲವೇ, ಮಾಡಿಯೇಬಿಟ್ಟಿರಿ ಎಂದಳು. ಆ ರಾತ್ರಿ ಅವರು ಬಹಳ ಸುಖವಾಗಿ ನಿದ್ದೆ ಮಾಡಿದರು. ಅಂಥ ನಿದ್ದೆ ಮುಂದೆ ವಾರವೆಲ್ಲ ಬರಲಿಲ್ಲ.

ಸೋಮವಾರ ಕಚೇರಿಯ ಕಾವಲುಗಾರ ಗೇಟು ತೆರೆಯಲಿಲ್ಲ. ದಿನಾ ಗಾಡಿಯ ಸದ್ದು ಕೇಳಿ ಅವನ ಕೈ ತಾನಾಗಿ ಚಿಲಕಕ್ಕೆ ಹೋಗುತ್ತಿತ್ತು, ಕಣ್ಣು ಆಮೇಲೆ ತೆರೆಯುತ್ತಿತ್ತು. ಇವತ್ತು ಅವನ ಮುಖದ ಮೇಲಿದ್ದ ಪತ್ರಿಕೆ ನಿಧಾನವಾಗಿ ಏರಿಳಿಯುತ್ತಿತ್ತು. ಪಾಪ ಎಂದು ಗುಮಾಸ್ತರು ತಾವೇ ಗೇಟು ತೆರೆದು ಒಳಗೆ ಹೋದರು. ಬಿಲ್ಲು ಕಟ್ಟುವವರ ಸಾಲು ಮುಚ್ಚಿದ ಕಿಟಕಿಯ ಮುಂದೆ ನಿಂತಿತ್ತು. ಕಿಟಕಿಯ ಹಿಂದಿನವರೆಲ್ಲ ಗುಮಾಸ್ತರ ಮೇಜಿನ ಸುತ್ತ ನಿಂತಿದ್ದರು. ಮೇಜಿನ ಮೇಲೆ ಕೇರಂ ಬೋರ್ಡ್. ಕಚೇರಿಯ ಸಾಹೇಬರೇ ಗುಮಾಸ್ತರ ಕುರ್ಚಿಯಲ್ಲಿ ಕೂತು, ಒಂದು ಕಣ್ಣು ಮುಚ್ಚಿ, ಕೆಂಪು ಕಾಯಿಗೆ ಗುರಿ ಇಟ್ಟಿದ್ದರು.

ಗುಮಾಸ್ತರು ಮೊದಲು ನೋಡಿದ್ದು ಬೋರ್ಡಿನ ಮೇಲಿನ ಬಿಳಿ ಪುಡಿಯನ್ನು. ಅವರ ಫೈಲುಗಳ ಮೇಲೆ ದಿನಾ ಈ ಪುಡಿ ಬಿದ್ದಿರುತ್ತಿತ್ತು. ಸೂರಿನ ಸುಣ್ಣ ಉದುರುತ್ತಿದೆ, ದಯವಿಟ್ಟು ದುರಸ್ತಿ ಮಾಡಿಸಿ ಎಂದು ಅವರು ಹಲವು ಸಲ ಅರ್ಜಿ ಬರೆದಿದ್ದರು. ಅರ್ಜಿಗಳನ್ನು ‘ಪರಿಶೀಲಿಸಲಾಗುವುದು’ ಎಂದು ಬರೆದು ಹಿಂತಿರುಗಿಸುತ್ತಿದ್ದವರು ಇದೇ ಸಾಹೇಬರು.

ಸಾಹೇಬರು ಎದ್ದು ನಿಂತರು. “ನೀವು ಹೇಗೆ ಬಂದ್ರಿ?”

“ಗಾಡಿಯಲ್ಲೇ, ಸಾರ್.”

“ಮತ್ತೆ ಸದ್ದು?”

“ತೆಗೆದುಬಿಟ್ಟೆ, ಸಾರ್. ತುಂಬ ದಿನದಿಂದ ದೂರು ಇತ್ತು.”

“ಯಾರ ದೂರು?”

“ಒಬ್ಬರು ಹಿರಿಯರು, ಸಾರ್. ಈ ಭಾನುವಾರವೇ ಮಾಡಿ ಮುಗಿಸಬೇಕು ಅಂದ್ರು.”

ಕೇಂದ್ರ ಕಚೇರಿಯಲ್ಲಿ ಇರುವ ಹಿರಿಯರನ್ನೆಲ್ಲ ಸಾಹೇಬರು ಮನಸ್ಸಿನಲ್ಲೇ ಒಬ್ಬೊಬ್ಬರಾಗಿ ನೆನೆದರು, ಎಲ್ಲರೂ ಅಂಥವರೇ ಎನಿಸಿತು. ತಿಂಡಿಯ ಹೊತ್ತಿಗೆ ಕಚೇರಿಯ ತುಂಬ ಸುದ್ದಿ. ಮೇಲಿನವರು ಹೆಡ್ ಗುಮಾಸ್ತರನ್ನು ಕಣ್ಣಿಡಲು ನೇಮಿಸಿದ್ದಾರೆ, ಸದ್ದಿಲ್ಲದೆ ಬಂದು ಸದ್ದಿಲ್ಲದೆ ನೋಡಿ ವರದಿ ಕೊಡುತ್ತಾರೆ, ಗಾಡಿಯ ಸದ್ದು ತೆಗೆದದ್ದೇ ಅದಕ್ಕೆ. ಇಷ್ಟು ವರ್ಷ ಬಾಯಿ ತೆರೆಯದೆ ಕೂತಿದ್ದ ಮನುಷ್ಯ ಒಳಗೊಳಗೇ ಏನೆಲ್ಲ ಲೆಕ್ಕ ಹಾಕಿರಬೇಕು ಎಂದು ಟೈಪಿಸ್ಟು ನಡುಗಿದಳು.

ಮರುದಿನದಿಂದ ಬಿಲ್ಲಿನ ಕಿಟಕಿ ಹೊತ್ತಿಗೆ ಮುಂಚೆಯೇ ತೆರೆಯಿತು. ಹಳೆಯ ಗಿರಾಕಿಯೊಬ್ಬರು ಒಳಗೆ ಬಂದವರು ಹೊರಗೆ ಹೋಗಿ ಬೋರ್ಡು ಓದಿ, ತಾವು ಬಂದದ್ದು ಸರಿಯಾದ ಕಚೇರಿಗೇ ಎಂದು ಖಚಿತ ಮಾಡಿಕೊಂಡು ಮತ್ತೆ ಬಂದರು. ಸಾಹೇಬರು ತಮ್ಮ ಮೆತ್ತನೆಯ ಕುರ್ಚಿಯನ್ನು ಗುಮಾಸ್ತರ ಮೇಜಿಗೆ ಕಳಿಸಿದರು. ಇದೆಲ್ಲ ತಮ್ಮ ರಿಪೇರಿ ಕೆಲಸಕ್ಕೆ ಸಂದ ಗೌರವ ಎಂದು ಗುಮಾಸ್ತರು ತಿಳಿದರು. ಊಟಕ್ಕೆ ಅವರ ಜೊತೆ ಯಾರೂ ಕೂರುತ್ತಿರಲಿಲ್ಲ ಎನ್ನುವುದೊಂದನ್ನು ಬಿಟ್ಟರೆ ಕಚೇರಿ ಸ್ವರ್ಗವಾಗಿತ್ತು.

ಮನೆಯ ಕಥೆ ಬೇರೆ. ಆ ಸೋಮವಾರ ಸಂಜೆಯೇ ಅವರು ಬೀದಿಯ ತಿರುವು ದಾಟಿ ಮನೆಯ ಮುಂದೆ ಗಾಡಿ ನಿಲ್ಲಿಸಿದರು. ಗೇಟು ತಳ್ಳಿದರು. ಚಿಲಕವಿಲ್ಲದ ಗೇಟು ತುಟಿ ಪಿಟಕ್ಕೆನ್ನದೆ ತೆರೆದುಕೊಂಡಿತು. ಒಳಗಿನಿಂದ ನಗು ಕೇಳಿತು. ಅವರ ಮನೆಯಲ್ಲಿ ಅಷ್ಟು ದೊಡ್ಡ ನಗುವನ್ನು ಅವರು ಎಂದೂ ಕೇಳಿರಲಿಲ್ಲ.

ಮುಂದಿನ ಕೋಣೆಯಲ್ಲಿ ಟೈಲರಮ್ಮ ಮತ್ತು ಹೊಲಿಗೆಗೆ ಬಂದ ಹೆಂಗಸರು ಗೋಡೆಗೊರಗಿ ಕೂತಿದ್ದರು. ಭಾವಮೈದ ಇವರ ಒಳ್ಳೆಯ ಅಂಗಿ ಹಾಕಿಕೊಂಡು ಬಾಗಿಲ ಮೂಲೆಯಲ್ಲಿ ನಿಂತಿದ್ದ. ನಡುವೆ ಹೆಂಡತಿ. ಅವಳು ತುಟಿಯ ಮೇಲೆ ಕಾಡಿಗೆಯ ಮೀಸೆ ಬರೆದುಕೊಂಡು, ಇಲ್ಲದ ಗಾಡಿಗೆ ಕಿಕ್ ಹೊಡೆಯುತ್ತಿದ್ದಳು. ಕನ್ನಡಕ ತೆಗೆದು ಒರೆಸಿದಳು. ಗಾಡಿಗೆ ಬುದ್ಧಿ ಹೇಳಿದಳು. ಬಗ್ಗಿ ಎರಡನೇ ಸಿಲಿಂಡರನ್ನು ಕುರ್ಚಿಯ ಕೆಳಗೆ, ಟೈಲರಮ್ಮನ ಚೀಲದಲ್ಲಿ, ತಮ್ಮನ ಅಂಗಿಯ ಜೇಬಿನಲ್ಲಿ ಹುಡುಕಿದಳು. ಕೊನೆಗೆ ಸೈಲೆನ್ಸರು ಮುಟ್ಟಿ ಬೆರಳು ಬಾಯಿಗಿಟ್ಟುಕೊಂಡು, ಹಾಗೆಯೇ ಮೇಷ್ಟ್ರಿಗೆ ನಮಸ್ಕಾರ ಮಾಡಿದಳು. ಟೈಲರಮ್ಮ ಕಣ್ಣೊರೆಸಿಕೊಳ್ಳುತ್ತ, ಸಾಕು ಮಾರಾಯ್ತಿ, ಇನ್ನು ನಮ್ಮ ಗುಡುಗಪ್ಪ ಬರುವ ಹೊತ್ತಾಯಿತು ಎಂದಳು.

“ಬಂದೆ,” ಎಂದರು ಗುಮಾಸ್ತರು.

ಹೆಂಗಸರು ಎಲ್ಲಿ ಎದ್ದರು, ಯಾವ ಬಾಗಿಲಿನಿಂದ ಹೋದರು ಎಂದು ಹೇಳುವುದು ಕಷ್ಟ. ಕೋಣೆಯಲ್ಲಿ ಗಂಡ ಹೆಂಡತಿ ಮಾತ್ರ ಉಳಿದರು, ಇಬ್ಬರಲ್ಲಿ ಮೀಸೆ ಇದ್ದದ್ದು ಹೆಂಡತಿಗೆ. ಗುಮಾಸ್ತರಿಗೆ ನೋವಾಯಿತು, ಸುಳ್ಳು ಹೇಳುವುದೇಕೆ, ಚೆನ್ನಾಗಿಯೇ ನೋವಾಯಿತು. ಆದರೆ ಅವರು ಬಾಯಿ ಬಿಡುವ ಮೊದಲೇ ಹೆಂಡತಿಗೆ ಸಿಟ್ಟು ಬಂದಿತ್ತು. ತಪ್ಪು ಮಾಡುವಾಗ ಸಿಕ್ಕಿಬಿದ್ದವರ ಸಿಟ್ಟು ಯಾವಾಗಲೂ ಒಂದು ಕೈ ಮೇಲೆ. ಕಳ್ಳಹೆಜ್ಜೆ ಇಟ್ಟು ಯಾಕೆ ಬಂದಿರಿ ಎಂದು ಕೇಳಿದಳು. ಗಾಡಿಯಲ್ಲೇ ಬಂದೆ ಎಂದರು. ಗಾಡಿಯನ್ನು ತಿರುವಿನಿಂದ ತಳ್ಳಿಕೊಂಡು ಬಂದಿರಬೇಕು ಎಂದಳು. ಮಂಗಳವಾರ ಅವರು ಮತ್ತೆ ಹಾಗೆಯೇ ಬಂದಾಗ ಅವಳು ಅಕ್ಕನ ಜೊತೆ ಫೋನಿನಲ್ಲಿ ಇವರ ವಿಷಯವನ್ನೇ ಮಾತಾಡುತ್ತಿದ್ದಳು. ಬುಧವಾರ ಬಂದಾಗ ಅವಳು ಅಳುತ್ತಿದ್ದಳು.

“ನಿಮಗೆ ನನ್ನ ಮೇಲೆ ಅನುಮಾನ ಇದ್ದಿದ್ರೆ ಬಾಯಿಬಿಟ್ಟು ಕೇಳಬಹುದಿತ್ತು,” ಎಂದಳು. “ಗಾಡಿ ರಿಪೇರಿ ಅನ್ನೋ ನೆಪ ಯಾಕೆ ಬೇಕಿತ್ತು? ನನ್ನ ಮನೆಯಲ್ಲಿ ನಾನೇ ಬಾಗಿಲ ಕಡೆ ನೋಡ್ಕೊಂಡು ಕೂರೋ ಹಾಗಾಯ್ತು.”

ಹಿಂದೆ ತಿರುವಿನಲ್ಲಿ ಗಾಡಿಯ ಸದ್ದು ಕೇಳಿ ಒಲೆಯ ಮೇಲೆ ನೀರಿಟ್ಟರೆ ಇವರು ಚಪ್ಪಲಿ ಬಿಡುವಷ್ಟರಲ್ಲಿ ಟೀ ತಯಾರಾಗುತ್ತಿತ್ತು. ಈಗ ಯಾವ ಹೊತ್ತಿಗೆ ಬರುತ್ತಾರೋ ಎಂದು ಅವಳು ಮಧ್ಯಾಹ್ನವೇ ಟೀ ಮಾಡಿ ಮುಚ್ಚಿಡುತ್ತಿದ್ದಳು. ಗುಮಾಸ್ತರು ಆ ತಣ್ಣನೆಯ ಟೀಯನ್ನು ಮೆತ್ತನೆಯ ಕುರ್ಚಿಯಲ್ಲಿ ಕೂರುವ ಮನುಷ್ಯನಿಗೆ ತಕ್ಕ ಗಾಂಭೀರ್ಯದಿಂದ ಕುಡಿದರು. ಹೆಂಗಸರು ಈ ಕಡೆ ತಲೆ ಹಾಕಲಿಲ್ಲ. ಭಾವಮೈದ ಹೆದರಿ ನಿಜವಾಗಿಯೂ ಓದತೊಡಗಿದ್ದ, ಅವನಿಗೆ ತಲೆನೋವು ಬಂದಿತ್ತು. ಮನೆಯಲ್ಲಿ ನಗುವ ಸದ್ದಿರಲಿಲ್ಲ. ತಮ್ಮನ್ನು ನೋಡಿ ನಕ್ಕ ಆ ನಗು ಮತ್ತೆ ಕೇಳಿಸಿದರೆ ಸಾಕು ಎಂದು ಗುಮಾಸ್ತರಿಗೆ ಅನಿಸಿದ್ದು ಶುಕ್ರವಾರ. ಶನಿವಾರ ಹೆಂಡತಿ ಅಟ್ಟದಿಂದ ಚೀಲ ಇಳಿಸಿದಳು. ನಾಳೆ ಸಂಜೆಯ ಬಸ್ಸಿಗೆ ಅಕ್ಕನ ಊರಿಗೆ ಹೋಗುತ್ತೇನೆ ಎಂದಳು. ಯಾವಾಗ ಬರುತ್ತೀ ಎಂದು ಕೇಳಿದ್ದಕ್ಕೆ, ನೀವು ಹೇಳಿ ಬರ್ತೀರಾ, ನಾನು ಹೇಳಿ ಬರೋದಕ್ಕೆ ಎಂದಳು.

ಭಾನುವಾರ ಬೆಳಗ್ಗೆ ಹಳೆಯ ಹೊದಿಕೆ ಮತ್ತೆ ಅಂಗಳಕ್ಕೆ ಬಂತು. ಈ ಸಲ ಕೆಲಸ ಸುಲಭವೆಂದು ಗುಮಾಸ್ತರು ತಿಳಿದಿದ್ದರು. ರಿಪೇರಿ ಮಾಡುವುದು ಕಷ್ಟ, ಕೆಡಿಸುವುದಕ್ಕೆ ಏನು ಮಹಾ ವಿದ್ಯೆ ಬೇಕು? ಅವರು ಒಂದೊಂದೇ ನಟ್ಟು ಸಡಿಲಿಸಿ ಕಿಕ್ ಹೊಡೆದು ನೋಡಿದರು. ಮಡ್‌ಗಾರ್ಡ್ ಕಳಚಿ ಬಿತ್ತು. ದೀಪ ಕತ್ತು ಬಾಗಿಸಿತು. ಗಾಡಿ ಮಾತ್ರ ಶಿಸ್ತಿನ ವಿದ್ಯಾರ್ಥಿಯಂತೆ ಪಿಸುಗುಟ್ಟುತ್ತಲೇ ಇತ್ತು. ಬಾಲದ ಬೋಲ್ಟೊಂದನ್ನು ಅವರು ಮುಟ್ಟಲಿಲ್ಲ. ಅದು ಈ ಗಾಡಿಗೆ ತಾವೇ ಸ್ವಂತ ಬುದ್ಧಿಯಿಂದ ಸೇರಿಸಿದ್ದು, ಅದರಲ್ಲಿ ದೋಷವಿರಲು ಹೇಗೆ ಸಾಧ್ಯ?

ಮೊದಲು ಮೇಷ್ಟ್ರು ಗೋಡೆಯ ಮೇಲೆ ಕಾಣಿಸಿಕೊಂಡರು. ಒಂದು ವಾರದಿಂದ ಸಂಜೆಯ ಮಾತ್ರೆ ತಪ್ಪಿಹೋಗಿ ತಮಗೆ ತಲೆ ಸುತ್ತುತ್ತಿದೆ ಎಂದರು. ಗಾಡಿ ಬಂದರೆ ಮಾತ್ರೆ ನುಂಗುವುದು, ಆಮೇಲೆ ಓರೆಯಾದ ಗಡಿಯಾರ ನೆಟ್ಟಗೆ ಮಾಡುವುದು, ಹೀಗೆ ಅವರ ಅಭ್ಯಾಸ. ಇದನ್ನು ನೀವು ಮೊದಲೇ ಹೇಳಬಾರದಿತ್ತೇ ಎಂದು ಕೇಳಿದರೆ, ನೀವು ನಿಜವಾಗಿ ರಿಪೇರಿ ಮಾಡ್ತೀರಿ ಅಂತ ಯಾರಿಗೆ ಗೊತ್ತಿತ್ತು ಎಂದರು. ಟೈಲರಮ್ಮ ಬಂದು ದೂರದಲ್ಲೇ ನಿಂತು, ಸಂಜೆ ಹೊಲಿಗೆಗೆ ಬರುವವರೇ ಕಡಿಮೆಯಾಗಿದ್ದಾರೆ ಎಂದು ಗಾಳಿಗೆ ಹೇಳಿದಳು. ಅಷ್ಟರಲ್ಲಿ ಹಣ್ಣಿನ ಚೀಲ ಹಿಡಿದು ಸಾಹೇಬರೇ ಬಂದರು. ಬಂದವರು ಗುಮಾಸ್ತರನ್ನು ಪಕ್ಕಕ್ಕೆ ಕರೆದು, ಕೇರಂ ಬೋರ್ಡನ್ನು ತಾವೇ ಒಡೆದು ಹಾಕಿದ್ದಾಗಿಯೂ ವರದಿಯಲ್ಲಿ ಇದನ್ನೂ ಸೇರಿಸಬೇಕೆಂದೂ ಕೇಳಿಕೊಂಡರು.

“ಯಾವ ವರದಿ, ಸಾರ್?”

“ಅದೇ, ದೂರು ಕೊಟ್ಟ ಹಿರಿಯರಿಗೆ ನೀವು ಕೊಡೋದು.”

“ಅವರಾ? ಇಲ್ಲೇ ಇದ್ದಾರಲ್ಲ,” ಎಂದು ಗುಮಾಸ್ತರು ಮೇಷ್ಟ್ರನ್ನು ತೋರಿಸಿದರು.

ಸಾಹೇಬರು ಮೇಷ್ಟ್ರನ್ನು ನೋಡಿದರು, ಗಾಡಿಯನ್ನು ನೋಡಿದರು, ಕೈಯಲ್ಲಿದ್ದ ಹಣ್ಣಿನ ಚೀಲವನ್ನು ನೋಡಿದರು. ವಿಷಯ ಪೂರ್ತಿ ತಿಳಿದ ಮೇಲೆ ಅವರಿಗೆ ಎಷ್ಟು ಹಗುರವಾಯಿತೆಂದರೆ ಹಣ್ಣನ್ನು ವಾಪಸ್ಸು ಒಯ್ಯುವುದೂ ಮರೆತುಹೋಯಿತು. ಅಂಗಿಯ ತೋಳು ಮಡಿಸಿ, ಸದ್ದು ಮರಳಿ ತರುವುದು ಕಚೇರಿಯ ಹಿತಕ್ಕೂ ಅಗತ್ಯ ಎಂದು ಘೋಷಿಸಿದರು.

ಈಗ ಆ ಸದ್ದು ಹೇಗಿತ್ತು ಎಂಬುದು ಮೊದಲು ತೀರ್ಮಾನವಾಗಬೇಕಿತ್ತು. ಮೇಷ್ಟ್ರು ‘ಗಡ ಗಡ’ ಎಂದರು. ಸಾಹೇಬರು ಅಧಿಕಾರವಾಣಿಯಲ್ಲಿ ‘ಬುಡು ಬುಡು’ ಎಂದರು. ಟೈಲರಮ್ಮ ತನ್ನ ಮೆಷಿನ್ನಿಗೆ ಹತ್ತಿರವಾದದ್ದೊಂದನ್ನು ಹೇಳಿದಳು. ಯಾರೂ ಸೋಲಲು ತಯಾರಿರಲಿಲ್ಲ. ಮರ್ಯಾದಸ್ಥರಾದ ಮೂವರು ಒಂದು ಸುಮ್ಮನಿದ್ದ ಗಾಡಿಯ ಸುತ್ತ ನಿಂತು ಬಾಯಲ್ಲಿ ಸದ್ದು ಮಾಡುತ್ತಿರುವುದನ್ನು ದಾರಿಹೋಕರು ನಿಂತು ನೋಡಿ, ಏನೂ ಕೇಳದೆ ಮುಂದೆ ಹೋದರು.

ಒಳಗೆ ಚೀಲಕ್ಕೆ ಬಟ್ಟೆ ತುಂಬುತ್ತಿದ್ದ ಹೆಂಡತಿ ಬಹಳ ಹೊತ್ತು ತಡೆದುಕೊಂಡಳು. ಮುನಿಸು ದೊಡ್ಡದೇ ಆಗಿತ್ತು. ಆದರೆ ತನಗೆ ಚೆನ್ನಾಗಿ ಗೊತ್ತಿರುವ ವಿದ್ಯೆಯನ್ನು ಕಣ್ಣೆದುರೇ ಹೀಗೆ ಹಾಳು ಮಾಡಿದರೆ ಎಷ್ಟೆಂದು ಸಹಿಸುವುದು? ಅವಳು ಬಾಗಿಲಿಗೆ ಬಂದಳು.

“ಹಾಗಲ್ಲ ಅದು.”

ಎಲ್ಲರೂ ದಾರಿ ಬಿಟ್ಟರು. ಹೆಂಡತಿ ಗಂಡನ ಮುಖ ನೋಡದೆ ಅಂಗಳದ ನಡುವೆ ನಿಂತಳು, ಒಂದು ಭುಜ ತಗ್ಗಿಸಿದಳು, ಕಿಕ್ ಹೊಡೆದಳು, ಕನ್ನಡಕ ಒರೆಸಿದಳು. ‘ದಬ ದಬ ದಬ’ ಎಂದಳು. ಮೇಷ್ಟ್ರ ಕೈ ತಾನಾಗಿ ಮಾತ್ರೆಯ ಜೇಬಿಗೆ ಹೋಯಿತು, ಅಷ್ಟು ಸರಿಯಾಗಿತ್ತು ಅದು. ಆಮೇಲೆ ಎಡಗಾಲನ್ನು ಹಿಂದಕ್ಕೆ ಝಾಡಿಸಿ ‘ಟಣಾರ್’ ಎಂದಳು.

“ಕಾಲು ಯಾಕೆ ಹಿಂದಕ್ಕೆ?” ಎಂದು ಮೇಷ್ಟ್ರು ತಪ್ಪು ಹಿಡಿದರು.

“ಅದು ಹಿಂದಿನಿಂದ ತಾನೇ ಬರ್ತಿದ್ದದ್ದು? ಹ್ಯಾಂಡಲ್ ಹಿಡಿದವರಿಗೆ ಏನು ಗೊತ್ತು. ಇಷ್ಟು ವರ್ಷ ಹಿಂದೆ ಕೂತವಳು ನಾನು.”

ಎಲ್ಲರೂ ಗಾಡಿಯ ಬಾಲದ ಕಡೆ ತಿರುಗಿದರು. ಸೈಲೆನ್ಸರಿನ ತುದಿಯಲ್ಲಿ ಒಂದು ಬೋಲ್ಟು ಹಸಿರು ಬಣ್ಣದ ತಲೆ ತೋರಿಸಿಕೊಂಡು ಕೂತಿತ್ತು. ಆ ಗಾಡಿಯಲ್ಲಿ ಇನ್ನೆಲ್ಲೂ ಹಸಿರು ಇರಲಿಲ್ಲ. ಹೆಂಡತಿ ಆ ಬೋಲ್ಟನ್ನು ನೋಡಿದಳು, ಹಗ್ಗದಿಂದ ಕಟ್ಟಿದ್ದ ಹಸಿರು ಗೇಟನ್ನು ನೋಡಿದಳು.

“ರೀ, ಇದು ನಮ್ಮ ಗೇಟಿಂದು.”

ಗುಮಾಸ್ತರು ಇಂಗು ತಿಂದ ಮಂಗನ ಹಾಗೆ ನಿಂತರು. ಯಾರೋ ಕದ್ದರೆಂದು ಒಂದು ವಾರದಿಂದ ಬೀದಿಗೆಲ್ಲ ಬೈದೆನಲ್ಲ ಎಂದು ಹೆಂಡತಿ ತಮ್ಮನ ಕಡೆ ತಿರುಗಿದಳು. ಅವನು, ನನ್ನನ್ನು ಯಾರೂ ಕೇಳಲೇ ಇಲ್ಲ ಎಂದ. ಮೊದಲು ನನ್ನ ಗೇಟು ಸರಿ ಮಾಡಿ ಎಂದಳು ಅವಳು, ಹೋಗುವ ಮೊದಲು ಮನೆಗೊಂದು ಚಿಲಕವಾದರೂ ಇರಲಿ. ಗುಮಾಸ್ತರು ಬೋಲ್ಟು ಬಿಚ್ಚಿ ಗೇಟಿಗೆ ಹಾಕಿದರು. ಚಿಲಕ ಟಣ್ ಎಂದು ಬಿತ್ತು. ಬಂದು, ಮಾಡಲು ಬೇರೇನೂ ತೋಚದೆ, ಒಂದು ಕಿಕ್ ಹೊಡೆದರು.

ದಬ ದಬ ದಬ, ಟಣಾರ್.

ಮೇಷ್ಟ್ರು ಅಂಗಳದಿಂದ ಮಾಯವಾದರು, ಪಕ್ಕದ ಮನೆಯೊಳಗೆ ನೀರು ಕುಡಿಯುವ ಸದ್ದು ಕೇಳಿತು. ಭಾವಮೈದ ಭಾವನ ಅಂಗಿಯೇನೋ ಎಂಬಂತೆ ಮೈಮೇಲಿನ ಅಂಗಿ ಬಿಚ್ಚಿ ಪುಸ್ತಕ ಎತ್ತಿಕೊಂಡ. ಸಾಹೇಬರು ಇಲ್ಲದ ಕೇರಂ ಕಾಯಿಗಳನ್ನು ಬೆನ್ನ ಹಿಂದೆ ಬಚ್ಚಿಟ್ಟರು. ಅಂಗಳದಲ್ಲಿ ಹೆಂಡತಿ ಕಾಣಲಿಲ್ಲ. ಗುಮಾಸ್ತರು ಬಾಗಿಲಿಗೆ ಓಡಿದರು. ಚೀಲ ಬಾಗಿಲ ಹತ್ತಿರ ಹಾಗೇ ಇತ್ತು. ಒಳಗೆ ಹೋಗಿ ನೋಡಿದರೆ ಅವಳು ಒಲೆಯ ಮೇಲೆ ಟೀಗೆ ನೀರಿಟ್ಟು ನಿಂತಿದ್ದಳು. ಅವರನ್ನು ಕಂಡ ಮೇಲೆ ಅವಳಿಗೆ ತಾನು ಮಾಡಿದ್ದು ಹೊಳೆಯಿತು.

“ಕೈ ತಾನೇ ಹೋಯ್ತು,” ಎಂದಳು. ಆಮೇಲೆ, ಗಾಡಿ ತಳ್ಳಿಕೊಂಡು ಬಂದಿರಿ ಅಂದುಕೊಂಡಿದ್ದೆ ಎಂದಳು, ಅದು ಅವಳ ಲೆಕ್ಕದಲ್ಲಿ ಕ್ಷಮೆ. ಸಂಜೆಯ ಬಸ್ಸು ಅವಳನ್ನು ಬಿಟ್ಟು ಹೋಯಿತು.

ಸೋಮವಾರ ಕಾವಲುಗಾರ ಕಣ್ಣು ಮುಚ್ಚಿಕೊಂಡೇ ಗೇಟು ತೆರೆದ. ಕಚೇರಿಯಲ್ಲಿ ಎಲ್ಲರೂ ತಲೆ ಬಗ್ಗಿಸಿ ಕೆಲಸ ಮಾಡುತ್ತಿದ್ದರು. ಗುಮಾಸ್ತರು ತಮ್ಮ ಹಳೆಯ ಕುರ್ಚಿಯಲ್ಲಿ ಕೂತು, ಹೊಸ ಬೋರ್ಡಿನಿಂದ ಉದುರಿದ ಬಿಳಿ ಪುಡಿಯನ್ನು ಫೈಲುಗಳ ಮೇಲಿನಿಂದ ಊದಿದರು, ಅರ್ಜಿ ಬರೆಯಲಿಲ್ಲ. ಮಧ್ಯಾಹ್ನ ಮೂವರು ಅವರ ಜೊತೆ ಊಟಕ್ಕೆ ಕೂತರು.

ಸಂಜೆ ಅವರು ತಿರುವಿನ ಹತ್ತಿರ ಬಂದಾಗ ಗಾಡಿ ನಿಲ್ಲಿಸಿದರು, ಆಫ್ ಮಾಡಲಿಲ್ಲ. ಎರಡು ಸಲ ಜೋರಾಗಿ ಗುರುಗುಟ್ಟಿಸಿದರು. ಕನ್ನಡಿ ಶುಭ್ರವಾಗಿಯೇ ಇತ್ತು, ಆದರೂ ಕರವಸ್ತ್ರ ತೆಗೆದು ನಿಧಾನವಾಗಿ ಒರೆಸಿದರು. ತಿರುವಿನ ಮೆಕ್ಯಾನಿಕ್ ಬಾಗಿಲು ಎಳೆದುಕೊಂಡು ಕೆಮ್ಮಿದ. ಮೀಸೆ ಒರೆಸಿಕೊಳ್ಳಲು, ಕುರ್ಚಿ ಜಾಗಕ್ಕಿಡಲು, ಹೆಂಗಸರು ಹಿಂದಿನ ಬಾಗಿಲಿನಿಂದ ಹೋಗಲು, ನೀರು ಕುದಿಯಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಬಿಟ್ಟು ಮುಂದೆ ಹೊರಟರು.

ಹೆಂಡತಿ ಚಿಲಕ ತೆಗೆದು ಗೇಟಿನಲ್ಲಿ ನಿಂತಳು. ಮುಖ ಗಂಭೀರವಾಗಿತ್ತು, ತುಟಿಯ ಮೇಲೆ ಒಂದು ಎಳೆ ಕಾಡಿಗೆ ಉಳಿದಿತ್ತು.

“ಎರಡನೇ ಸಿಲಿಂಡರ್ ಹುಡುಕೋದು ತೋರಿಸಿದ್ಯಾ?” ಎಂದು ಕೇಳಿದರು ಗುಮಾಸ್ತರು.

ಅವಳು ಒಂದು ಕ್ಷಣ ಅವರನ್ನೇ ನೋಡಿದಳು. “ಇಲ್ಲ. ಅಷ್ಟರಲ್ಲಿ ನೀವು ಬಂದುಬಿಟ್ರಿ.”

ಗುಮಾಸ್ತರು ಗಾಡಿಯಿಂದ ಇಳಿಯಲಿಲ್ಲ. ಪೆಟ್ರೋಲ್ ಹಾಕಿಸಿಕೊಂಡು ಬರುತ್ತೇನೆ, ಟೀ ಆಮೇಲೆ ಆಗಲಿ ಎಂದು ಗಾಡಿ ತಿರುಗಿಸಿದರು. ಟ್ಯಾಂಕು ಬೆಳಗ್ಗೆಯಷ್ಟೇ ತುಂಬಿಸಿದ್ದು.